ಇಕ್ಕಟ್ಟಾದ ಒಗೆತದ ಕೋಣೆ

ಪ್ರಶ್ನೆ: ಹಾನಗಲ್ಲಿನ ನಮ್ಮ ಮನೆಯಲ್ಲಿ ಅರಿವೆ ಒಗೆಯಲು ಐದಡಿ ಅಗಲದ ಕೋಣೆಯೊಂದೇ ಇದೆ; ಅದನ್ನು ಅಣಿಗೊಳಿಸುವುದೆಂತು?

ಉತ್ತರ: ನೆಲವು ಸಂಕುಚಿತವಾದಾಗ ಮೇಲಣ ಅವಕಾಶವನ್ನು ಆಶ್ರಯಿಸುವ ವಿದ್ಯೆಯನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು; ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಕಡೆಯ ಹಳೆಯ ಮನೆಗಳಲ್ಲಿ, ಜಂತಿಗೆ ತೂಗಬಿಟ್ಟ ಬಿದಿರಿನ ಗಳದ ಮೇಲೆ ಮಡಿಬಟ್ಟೆಯನ್ನು ಕೋಲಿನಿಂದ ಹರವುತ್ತಿದ್ದುದೇ ಇದಕ್ಕೆ ನಿದರ್ಶನ. ಆ ಗಳವನ್ನೇ ಮರಳಿ ತೂಗಬಿಡಿ. ಯಂತ್ರವನ್ನು ಕೊಳ್ಳುವುದಾದರೆ ಮುಂಬದಿಗೆ ಬಾಗಿಲುಳ್ಳದ್ದೇ ಲೇಸು. ಮೇಲ್ಬದಿಗೆ ತೆರೆಯುವ ಯಂತ್ರಕ್ಕೆ ಮುಚ್ಚಳವೆತ್ತುವಷ್ಟು ತೆರಪು ಬೇಕಾಗುವುದರಿಂದ ಅದರ ಮೇಲೆಯೇ ಹಲಗೆಯನ್ನು ಜಡಿಯಲಾಗದು. ಸಾಬೂನು, ನೀಲಿಗಳಿಗೆ ಗೋಡೆಯ ಮಾಡವೇ ಸಾಕು. ಆದರೆ ಮಲೆನಾಡಿನ ಸೆರಗಿನಲ್ಲಿರುವ ನಿಮ್ಮೂರಿನಲ್ಲಿ ಶ್ರಾವಣದ ಜಡಿಮಳೆ ಹಿಡಿದಾಗ, ಗಾಳಿಯಾಡದ ಕೋಣೆಯಲ್ಲಿ ಒದ್ದೆಯ ಅರಿವೆ ಮುಗ್ಗಲು ನಾರುವುದು ನಿಶ್ಚಿತವಾದ್ದರಿಂದ, ಹಲಗೆಯೊಂದು ಕಡಮೆಯಾದರೂ ಚಿಂತೆಯಿಲ್ಲ, ಬೆಳಕಿಂಡಿಯನ್ನು ಮಾತ್ರ ಮುಚ್ಚದಿರಿ.