ನಿಧಾನವೇ ಇಳುವರಿ ತಂದ ತಯಾರಿಕೆ

ಸಂಶೋಧನಾಲಯಗಳಿಗೆ ಪ್ರೋಟೀನು ಪೂರೈಸುವ ವ್ಯಾಪಾರವು ಟನ್ನುಗಳದ್ದಲ್ಲ, ಮಿಲಿಗ್ರಾಂಗಳದ್ದು. ಬ್ಯಾಕ್ಟೀರಿಯಾಗಳಿಗೆ ಶಕ್ತಿ ಒದಗಿಸುವ ಎಟಿಪಿ ಸಿಂಥೇಸ್ ಕಿಣ್ವದ ಉಪಘಟಕಗಳೂ ಇಂತಹ ಸರಕೇ. ಅಮೆರಿಕದಲ್ಲಿ 2012ರಲ್ಲಿ ಅನುಮೋದನೆ ಪಡೆದ ಕ್ಷಯರೋಗದ ಔಷಧಿ ಬೆಡಾಕ್ವಿಲಿನ್ ತಡೆಯೊಡ್ಡುವುದು ಈ ಕಿಣ್ವದ ‘ಸಿ’ ಉಪಘಟಕಕ್ಕೆ; ಹೊಸ ಔಷಧಿ ಅರಸುವವರಿಗೆ ಅದು ಶುದ್ಧರೂಪದಲ್ಲಿ ಬೇಕು.

ಬೇಕಾದ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಪ್ರೋಟೀನು ಪಡೆಯುವುದು ರೂಢಿ. ಆದರೆ ಜೀವಕೋಶದ ಪೊರೆಯಲ್ಲಿ ನೆಲೆಸುವ ಇಂತಹ ಪ್ರೋಟೀನನ್ನು ಅತಿವೇಗದಿಂದ ತಯಾರಿಸಹೊರಟರೆ, ದುಡಿಯುವ ಕೋಶವೇ ಸಾಯುತ್ತದೆ. ಕಾರ್ಮಿಕನನ್ನು ಕೊಂದು ಕಾರ್ಖಾನೆ ನಡೆಸಿದಂತೆ! 1996ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಬ್ರುನೊ ಮಿರೂ ಮತ್ತು ಜಾನ್ ವಾಕರ್ ಅವರು ಬದುಕುಳಿದ ಕೋಶಗಳನ್ನೇ ಆಯ್ದು ಸಿ41, ಸಿ43 ಎಂಬ ತಳಿಗಳನ್ನು ಪಡೆದರು. ಇದೇ ಕಿಣ್ವದ ‘ಬಿ’ ಉಪಘಟಕವು ಸಿ43ರಲ್ಲಿ ಹೇರಳವಾಗಿ ದೊರೆಯಿತು. ಉತ್ಪಾದನೆಗೆ ಚಾಲನೆ ನೀಡುವ ಕಿಣ್ವವು ಈ ತಳಿಗಳಲ್ಲಿ ಕಡಿಮೆಯೆಂಬ ಗುಟ್ಟು 2008ರಲ್ಲಿ ಬಯಲಾಯಿತು. ಇಂದು ಆ ತಳಿಗಳೂ ಮಾರಾಟದ ಸರಕುಗಳೇ.