ನಾರ್ವೇಜಿಯನ್ ಸಮಾಸಗಳಲ್ಲಿ ಅಕ್ಷರವಿಭಾಗ ಮತ್ತು ಬಲಾಘಾತ

ಎರಡು ಪದಗಳು ಕೂಡಿ ಒಂದಾದುದನ್ನು ಕೇಳುವವರಿಗೆ ತಿಳಿಸುವ ಬಗೆ ಒಂದೊಂದು ಭಾಷೆಯಲ್ಲಿ ಒಂದೊಂದು. ಕನ್ನಡದಲ್ಲಿ 'ಮಳೆ', 'ಕಾಲ' ಎಂಬವು ಸೇರಿದಾಗ ಕಕಾರವು ಗಕಾರವಾಗಿ 'ಮಳೆಗಾಲ'ವೆಂಬ ಸಮಾಸವನ್ನು ಸಾರುತ್ತದೆ. ನಾರ್ವೇಜಿಯನ್ ಭಾಷೆಯಲ್ಲಿ ಈ ಕಾರ್ಯವನ್ನು ಮುಖ್ಯವಾಗಿ ನಿರ್ವಹಿಸುವುದು ಬಲಾಘಾತ, ಎಂದರೆ ಒತ್ತಿ ನುಡಿಯುವ ಕ್ರಮ.

'ಬಾರ್ನ್' ಎಂದರೆ ಮಗು. 'ಹಾಗೆ' ಎಂದರೆ ತೋಟ. ನಡುವೆ ಎಕಾರವೊಂದು ಬಂದು 'ಬಾರ್ನೆಹಾಗೆ' ಎಂದಾದರೆ ಶಿಶುವಿಹಾರವೆಂದರ್ಥ. ಮುಖ್ಯ ಒತ್ತು ಪೂರ್ವಪದದ 'ಬಾರ್' ಮೇಲೆ. ಉತ್ತರಪದದ 'ಹಾ' ಮೇಲೆ ಗೌಣ ಒತ್ತು. ಉತ್ತರಪದವು ತಗ್ಗಿ ನುಡಿದರೂ ತನ್ನ ದೀರ್ಘವನ್ನು ಬಿಟ್ಟುಕೊಡದು. ಸಾಮಾನ್ಯ ಕ್ರಮವಿದು. ಕೆಲವು ಸಮಾಸಗಳಲ್ಲಿ ಎಕಾರದ ಬದಲು ಸಕಾರವು ಕೊಂಡಿಯಾಗಿ ಬರುತ್ತದೆ. ತಾಯ್ನುಡಿಗೆ ಅಲ್ಲಿ 'ಮೂರ್ಸ್‌ಮೋಲ್' ಎನ್ನುವರು.

ಸಮಾಸವನ್ನು ಬಿಡಿಸದೆ ಒಂದೇ ಪದವಾಗಿ ಬರೆಯಬೇಕೆಂಬುದು ಅಲ್ಲಿಯ ನಿಯಮ. ಬಿಡಿಸಿದರೆ ಅರ್ಥವೇ ಕೆಡುವುದುಂಟು. 'ಲಮ್ಮೆಲೋರ್' ಎಂಬುದು ಕುರಿಮರಿಯ ತೊಡೆಮಾಂಸ. 'ಲಮ್ಮೆ ಲೋರ್' ಎಂದು ಬೇರೆಬೇರೆ ಬರೆದರೆ ಸ್ವಾಧೀನ ತಪ್ಪಿದ ತೊಡೆಗಳು! ಹಾಗೆ ಬಿಡಿಸಿ ಓದುವಾಗ ಎರಡು ಪದಗಳಿಗೂ ಸ್ವತಂತ್ರ ಒತ್ತು ಬೀಳುತ್ತದೆ. ಈ ತಪ್ಪು ಹಬ್ಬಲು ಇಂಗ್ಲಿಷಿನ ಪ್ರಭಾವವೂ ಒಂದು ಕಾರಣವೆಂದು ಹೇಳುವುದುಂಟು. ಅಲ್ಲಿಯ ಉಪಾಧ್ಯಾಯರ ಕೆಂಪು ಶಾಯಿಗೆ ಇದರಿಂದ ಕೆಲಸ ತಪ್ಪಿದ್ದಲ್ಲ.

ಇನ್ನು ಅಕ್ಷರವಿಭಾಗ. ಸಾಲಿನ ಕೊನೆಯಲ್ಲಿ ಪದವನ್ನು ಒಡೆಯುವಾಗ ಸಾಮಾನ್ಯವಾಗಿ ಒಂದು ವ್ಯಂಜನವನ್ನು ಮುಂದಿನ ಸ್ವರದೊಡನೆ ಕೆಳಸಾಲಿಗೆ ಒಯ್ಯುವರು. ಸಮಾಸದಲ್ಲಾದರೋ ಪದಗಳ ಸಂದಿನಲ್ಲಿಯೇ ಒಡೆಯಬೇಕು. 'ಅರ್ಬೈಡ್' ಕೆಲಸ, 'ಊಕೆ' ವಾರ. ಕೆಲಸದ ವಾರಕ್ಕೆ 'ಅರ್ಬೈಡ್ಸ್‌-ಊಕೆ' ಎಂಬುದೇ ಸರಿಯಾದ ವಿಭಾಗ. 'ಅರ್ಬೈಡ್‌-ಸೂಕೆ' ಎಂದರೆ ಊಕೆ ಮರೆಯಾಗುತ್ತದೆ. ರಾತ್ರಿಯ ರೈಲನ್ನು ಹೇಳುವ ಪದ ಇನ್ನೂ ಸ್ವಾರಸ್ಯಕರ. ಪೂರ್ವಪದದ ಕೊನೆಯಲ್ಲಿ ಎರಡು ತಕಾರ, ಉತ್ತರಪದದ ಮೊದಲಲ್ಲಿ ಒಂದು. ಸೇರಿಸಿ ಬರೆವಾಗ ಮೂರರಲ್ಲಿ ಒಂದು ಲೋಪ. ಸಾಲಿನ ಕೊನೆಯಲ್ಲಿ ಒಡೆದರೆ ಲೋಪವಾದ ತಕಾರ ಮರಳಿ ಬರುತ್ತದೆ.

ನಮ್ಮ 'ನೀರಾಟ'ವನ್ನು ನೋಡಿರಿ. ಉಚ್ಚಾರಣೆಯಂತೆ ನೀ-ರಾ-ಟ, ಅರ್ಥದಂತೆ ನೀರು, ಆಟ. ಅಕ್ಷರದ ಗಡಿ ಬೇರೆ, ಪದದ ಗಡಿ ಬೇರೆ. ಎರಡು ಮೂರು ಭಾಷೆಗಳನ್ನು ಒಟ್ಟಿಗೆ ಕೇಳಿ ಬೆಳೆಯುವ ಗಡಿನಾಡಿನ ಮಗು ಓದುತ್ತ ಎಡವಿದರೆ, ಜಡನೆಂದು ಗದರುವ ಮುನ್ನ ಈ ಎರಡು ಗಡಿಗಳಲ್ಲಿ ಯಾವುದನ್ನು ನಾವು ಅದಕ್ಕೆ ತೋರಿಸಿಲ್ಲವೆಂದು ವಿಚಾರಿಸಬೇಕು. ಪದವನ್ನು ಬಿಡಿಸಿ ತೋರಿಸಿ, ಮತ್ತೆ ಕೂಡಿಸಿ ಓದಿಸುವುದೇ ಇದಕ್ಕೆ ಮದ್ದು.