ಎಳೆಯ ಬಾತುಕೋಳಿ ಮತ್ತು ಅದರ ಮೊದಲ ಮೊಟ್ಟೆ



ಮನೆಯ ಹಿತ್ತಲಿನಲ್ಲಿ ನಾಲ್ಕಾರು ಬಾತುಕೋಳಿಗಳನ್ನು ಸಾಕುವ ಅಭಿರುಚಿಯು ಪಟ್ಟಣವಾಸಿಗಳಲ್ಲಿಯೂ ಅಲ್ಲಲ್ಲಿ ಕಂಡುಬರುವುದುಂಟು. ಹೀಗೆ ಸಾಕುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಇದು ಮೊಟ್ಟೆಯಿಡುವುದು ಯಾವಾಗ?” ಪ್ರಶ್ನೆಯೇನೋ ಸಹಜವಾದುದೇ. ಆದರೆ ಅದಕ್ಕೂ ಮುಂಚೆ ಕೇಳತಕ್ಕ ಇನ್ನೊಂದು ಪ್ರಶ್ನೆಯುಂಟು: “ಮೊಟ್ಟೆಯಿಡುವ ಶಕ್ತಿ ಇದರ ಮೈಗೆ ಬಂದಿದೆಯೇ?” ಮೊದಲನೆಯದನ್ನು ಮಾತ್ರ ಕೇಳಿ ಎರಡನೆಯದನ್ನು ಮರೆತುದರಿಂದ ನಾವು ಒಂದು ಜೀವವನ್ನು ಕಳೆದುಕೊಂಡೆವು. ಆ ಸಂಗತಿಯನ್ನು ಮುಂದೆ ಅರಿಕೆಮಾಡುತ್ತೇವೆ.

ಮೊಟ್ಟೆಗಾಗಿ ಸಾಕುವ ಬಾತುಕೋಳಿಗಳಲ್ಲಿ ಬಹಳ ಹೆಸರಾದ ತಳಿ ಖಾಕಿ ಕ್ಯಾಂಬೆಲ್. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಯೂಲಿ ಎಂಬ ಹಳ್ಳಿಯಲ್ಲಿ ಅಡೆಲ್ ಕ್ಯಾಂಬೆಲ್ ಎಂಬ ಗೃಹಿಣಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದನ್ನು ಬೆಳೆಸಿದಳು. ಹೆಚ್ಚು ಮೊಟ್ಟೆಯಿಡುವ ಇಂಡಿಯನ್ ರನ್ನರ್ ಜಾತಿಯೊಡನೆ ಬೇರೆ ಜಾತಿಗಳನ್ನು ಕೂಡಿಸಿ ಆಕೆ ಪಡೆದ ಫಲವಿದು. ಚೆನ್ನಾಗಿ ಸಾಕಿದ ಖಾಕಿ ಕ್ಯಾಂಬೆಲ್ ಹೆಣ್ಣು ಐದಾರು ತಿಂಗಳಿಗೆ ಮೊಟ್ಟೆಯಿಡಲಾರಂಭಿಸಿ ವರ್ಷಕ್ಕೆ 300ರವರೆಗೂ ಇಡಬಲ್ಲುದು. ಕೆಂಪು ಮುಖದ ಮಸ್ಕೊವಿ ಬಾತಾದರೋ ಇನ್ನೂ ತಡವಾಗಿ ಆರಂಭಿಸುತ್ತದೆ. ಇಡುವ ಮೊಟ್ಟೆಗಳೂ ಕಡಮೆ.

ಈ 300 ಎಂಬ ಸಂಖ್ಯೆಯ ಅರ್ಥವನ್ನು ಸ್ವಲ್ಪ ವಿಚಾರಮಾಡೋಣ. ಖಾಕಿ ಕ್ಯಾಂಬೆಲ್ ಹೆಣ್ಣಿನ ತೂಕ ಸುಮಾರು 2 ಕಿಲೋಗ್ರಾಂ. ಒಂದು ಮೊಟ್ಟೆಯ ತೂಕ ಸುಮಾರು 65 ಗ್ರಾಂ. ಲೆಕ್ಕ ಹಾಕಿದರೆ ಅದು ಒಂದು ವರ್ಷದಲ್ಲಿ ತನ್ನ ಮೈತೂಕದ ಹೆಚ್ಚುಕಡಮೆ ಹತ್ತರಷ್ಟು ಮೊಟ್ಟೆಯನ್ನು ಕೊಡುತ್ತದೆ. ಒಂದೊಂದು ಮೊಟ್ಟೆಯ ಚಿಪ್ಪಿನಲ್ಲಿಯೂ ಎರಡು ಗ್ರಾಂಗೂ ಮಿಗಿಲಾಗಿ ಕ್ಯಾಲ್ಸಿಯಂ, ಎಂದರೆ ಸುಣ್ಣದ ಮೂಲಧಾತು, ಸೇರಿರುತ್ತದೆ. ಚಿಪ್ಪು ಕಟ್ಟುವ ಕೆಲಸವು ಬಹುಮಟ್ಟಿಗೆ ನಡೆಯುವುದು ರಾತ್ರಿಯಲ್ಲಿ. ಆಗ ಹಕ್ಕಿಯು ಮೇಯುತ್ತಿರುವುದಿಲ್ಲ. ಹಾಗಾದರೆ ಅಷ್ಟು ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಒಂದು ಪಾಲು ಹೊಟ್ಟೆಯಲ್ಲಿ ಉಳಿದ ಆಹಾರದಿಂದ, ಮತ್ತೊಂದು ಪಾಲು ಅದರ ಮೂಳೆಗಳಿಂದ. ಮೊಟ್ಟೆಯಿಡುವುದಕ್ಕೆ ಒಂದೆರಡು ವಾರಗಳ ಮುಂಚೆ ಹೆಣ್ಣುಹಕ್ಕಿಯ ಕಾಲುಮೂಳೆಗಳ ಪೊಳ್ಳಿನೊಳಗೆ ಹೊಸದಾಗಿ ಒಂದು ಬಗೆಯ ಮೂಳೆ ಬೆಳೆಯುತ್ತದೆ. ಇದೇ ಅದರ ಕಣಜ. ಕಣಜ ತುಂಬುವುದಕ್ಕೆ ಮೊದಲೇ ಖರ್ಚು ಆರಂಭವಾದರೆ ಆಗತಕ್ಕ ಅನಾಹುತವು ಗೃಹಸ್ಥರಾದ ಶ್ರೋತೃಗಳಿಗೆ ತಿಳಿಯದ ವಿಷಯವಲ್ಲ.

ಇನ್ನು ನಮ್ಮ ತಪ್ಪಿನ ಕಥೆ. ಕೆಲವು ವರ್ಷಗಳ ಹಿಂದೆ ನಾವು ಆರು ಹೆಣ್ಣುಬಾತುಗಳನ್ನು ಸಾಕಿದ್ದೆವು. ದಿನಕ್ಕೆ ಹದಿನಾರು ಗಂಟೆ ಬೆಳಕು ದೊರೆತರೆ ಕೋಳಿಗಳು ಹೆಚ್ಚಾಗಿ ಮೊಟ್ಟೆಯಿಡುವುವೆಂದು ಒಂದು ಇಂಗ್ಲಿಷ್ ಪುಸ್ತಕದಲ್ಲಿ ಓದಿದೆವು. ಮಾತು ನಿಜವೇ, ಆದರೆ ಅದು ಬಲಿತ ಹಕ್ಕಿಗೆ ಹೇಳಿದ ಮಾತೆಂಬುದನ್ನು ಗಮನಿಸಲಿಲ್ಲ. ನಾಲ್ಕು ತಿಂಗಳ ಮರಿಗಳ ಗೂಡಿನಲ್ಲಿ ವಿದ್ಯುದ್ದೀಪವನ್ನು ತೂಗುಹಾಕಿದೆವು. ಆಹಾರವನ್ನು ಮಾತ್ರ ಬದಲಾಯಿಸಲಿಲ್ಲ. ನುಚ್ಚು ಮತ್ತು ತೌಡೇ ನಡೆಯುತ್ತಿದ್ದಿತು. ಮೂರು ವಾರಗಳಲ್ಲಿ ಒಂದು ಬಾತು ಮೊಟ್ಟೆಯಿಟ್ಟಿತು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಹಾಲು ತರುವ ಮುದುಕಿಯು ಇದನ್ನೆಲ್ಲ ನೋಡಿ, “ಕಡಸು ಬಲಿಯೋಕೆ ಮುಂಚೆ ಹಾಲು ಕರೀಬೇಕು ಅಂದ್ರೆ ಆದೀತೇ, ಸ್ವಾಮಿ?” ಎಂದಳು. ನಾವು ನಕ್ಕು ಸುಮ್ಮನಾದೆವು.

ಅದಾದ ಒಂದು ವಾರಕ್ಕೆ, ಆರರಲ್ಲಿ ಅತಿ ಚಿಕ್ಕದು ಬೆಳಗ್ಗೆ ಗುಂಪನ್ನು ಬಿಟ್ಟು ದೂರ ನಿಂತಿತು. ಮೈಯನ್ನು ನೆಟ್ಟಗೆ ಮಾಡಿಕೊಂಡು ಬಾಲವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿದ್ದಿತು, ಆಹಾರವನ್ನು ಮುಟ್ಟಲಿಲ್ಲ. ಶೀತವಿರಬಹುದೆಂದು ತಿಳಿದು ನಾವು ಕಾಲೇಜಿಗೆ ಹೊರಟುಹೋದೆವು. ಸಂಜೆ ಪಶುವೈದ್ಯರು ಬರುವ ವೇಳೆಗೆ ಅದರ ಪ್ರಾಣ ಹೋಗಿತ್ತು. ಮೊಟ್ಟೆಯು ಒಳಗೆ ಸಿಕ್ಕಿಕೊಂಡಿದೆ, ಮೂಳೆಗಳು ತೆಳುವಾಗಿವೆ ಎಂದು ಅವರು ತೋರಿಸಿದರು. ಕ್ಯಾಲ್ಸಿಯಂ ಸಾಲದಿದ್ದರೆ ಚಿಪ್ಪು ಮಾತ್ರವಲ್ಲದೆ, ಮೊಟ್ಟೆಯನ್ನು ಹೊರದೂಡುವ ಸ್ನಾಯುಗಳೂ ಸೋಲುತ್ತವೆಂದು ಅಂದು ನಮಗೆ ತಿಳಿಯಿತು.

ಆದುದರಿಂದ ಈ ಲಕ್ಷಣಗಳನ್ನು ಕಂಡವರು ಸಂಜೆಯವರೆಗೆ ಕಾಯಕೂಡದು. ಹಕ್ಕಿಯನ್ನು ಮೆಲ್ಲನೆ ಎತ್ತಿ, ಹೊಟ್ಟೆಯ ಭಾಗವು ಮುಳುಗುವಂತೆ ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆಯವರೆಗೆ ಇರಿಸಬಹುದು. ಬಳಿಕ ಮೈ ಒರಸಿ, ಸದ್ದಿಲ್ಲದ ಬೆಚ್ಚಗಿನ ಕತ್ತಲೆಯ ಸ್ಥಳದಲ್ಲಿ ಬಿಡತಕ್ಕದ್ದು. ಒಳಗಿನ ಮೊಟ್ಟೆಯನ್ನು ಕೈಯಿಂದ ಹಿಸುಕುವುದಾಗಲಿ ಒಡೆಯುವುದಾಗಲಿ ಅತ್ಯಂತ ಅಪಾಯಕರ. ಇಷ್ಟರೊಳಗೆ ಪಶುವೈದ್ಯರಿಗೆ ಹೇಳಿಕಳುಹಿಸಿರಬೇಕು. ಕ್ಯಾಲ್ಸಿಯಂ ಚುಚ್ಚುಮದ್ದು ಮೊದಲಾದ ಚಿಕಿತ್ಸೆಯು ಅವರ ಕೆಲಸ.

ಕಾಯಿಲೆ ಬಂದ ಮೇಲೆ ಪರದಾಡುವುದಕ್ಕಿಂತ ಅದು ಬಾರದಂತೆ ನೋಡಿಕೊಳ್ಳುವುದು ಸುಲಭ. ಬೆಳೆಯುವ ಮರಿಗೆ ಆಹಾರದಲ್ಲಿ ನೂರಕ್ಕೆ ಸುಮಾರು 1 ಪಾಲು ಕ್ಯಾಲ್ಸಿಯಂ ಸಾಕು. ಅದಕ್ಕಿಂತ ಬಹಳ ಹೆಚ್ಚಾದರೆ ಎಳೆಯ ಮೂತ್ರಪಿಂಡಗಳು ಕೆಡುತ್ತವೆ. ಮೊಟ್ಟೆಯಿಡುವ ಹಕ್ಕಿಗಾದರೆ ಸುಮಾರು 3 ಪಾಲು ಬೇಕು. ಕಪ್ಪೆಚಿಪ್ಪನ್ನು ಕುಟ್ಟಿ ಬೇರೊಂದು ಬಟ್ಟಲಿನಲ್ಲಿಟ್ಟರೆ ಬಾತುಗಳು ಬೇಕಾದಷ್ಟನ್ನು ತಾವೇ ಆಯ್ದುಕೊಳ್ಳುತ್ತವೆ. ಇದಲ್ಲದೆ ನಯಾಸಿನ್ ಎಂಬ ಜೀವಸತ್ವವು ಬಾತುಮರಿಗೆ ಕೋಳಿಮರಿಗಿಂತ ಹೆಚ್ಚಾಗಿ ಬೇಕು. ಅದು ಸಾಲದಿದ್ದರೆ ಕಾಲುಗಳು ಸೊಟ್ಟಗಾಗುತ್ತವೆ. ಆದಕಾರಣ ಕೋಳಿಮರಿಯ ಆಹಾರವನ್ನೇ ಕೊಡುವವರು ಅದರೊಡನೆ ಸ್ವಲ್ಪ ಯೀಸ್ಟನ್ನು ಬೆರಸುವುದು ಒಳ್ಳೆಯದು.

ನಮ್ಮ ಸೀಮೆಯವರು ಮುಖ್ಯವಾಗಿ ನೆನಪಿಡಬೇಕಾದ ಅಂಶವು ಕಡಲೆಕಾಯಿ ಹಿಂಡಿಗೆ ಸಂಬಂಧಿಸಿದುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತುವು, ಬಾತುಮರಿಗಳೂ ಸತ್ತುವು. ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ವಿಷವೇ ಕಾರಣವೆಂದು ಆಮೇಲೆ ಗೊತ್ತಾಯಿತು. ಈ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರು. ಇದು ಪಿತ್ತಜನಕಾಂಗವನ್ನು ಹಾಳುಮಾಡುತ್ತದೆ. ಇದಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿಗಳು ವಿರಳ. ಬೂಷ್ಟು ಹಿಡಿದ ಹಿಂಡಿಯನ್ನಾಗಲಿ ಧಾನ್ಯವನ್ನಾಗಲಿ ಬಿಸಿಲಿಗೆ ಹಾಕಿ ಕೊಟ್ಟರಾಯಿತೆಂಬ ಮಿತವ್ಯಯವು ಸಲ್ಲದು, ಏಕೆಂದರೆ ಒಣಗಿದರೂ ವಿಷವು ಉಳಿದೇ ಇರುತ್ತದೆ.

ಬಾತುಕೋಳಿಗೆ ಕೆರೆಯೇ ಬೇಕೆಂಬುದು ತಪ್ಪು ತಿಳಿವಳಿಕೆ. ಕೊಕ್ಕು, ಮೂಗಿನ ಹೊಳ್ಳೆ ಮತ್ತು ಕಣ್ಣು ಮುಳುಗುವಷ್ಟು ಆಳವಾದ ಶುಭ್ರವಾದ ನೀರಿದ್ದರೆ ಸಾಕು. ಮಲಗುವ ಸ್ಥಳವು ಮಾತ್ರ ಒಣಗಿರಬೇಕು. ಭತ್ತದ ಹುಲ್ಲನ್ನು ಹಾಸಿ ಆಗಾಗ ಬದಲಾಯಿಸಬೇಕು. ಬಾತುಗಳು ಹೆಚ್ಚಾಗಿ ಮೊಟ್ಟೆಯಿಡುವುದು ಬೆಳಗಿನ ಜಾವದಲ್ಲಿ. ಒಂಬತ್ತು ಗಂಟೆಯವರೆಗೆ ಗೂಡಿನಲ್ಲಿಯೇ ಇರಿಸಿಕೊಂಡರೆ ಮೊಟ್ಟೆಯು ಪೊದೆಯ ಪಾಲಾಗುವುದಿಲ್ಲ. ಮೊಟ್ಟೆಗಾಗಿ ಗಂಡಿನ ಅಗತ್ಯವಿಲ್ಲ. ಮರಿ ಬೇಕಾದವರು ಐದಾರು ಹೆಣ್ಣುಗಳಿಗೆ ಒಂದು ಗಂಡನ್ನು ಇಟ್ಟುಕೊಳ್ಳಬೇಕು. ಗಂಡುಗಳು ಹೆಚ್ಚಾದರೆ ಎಳೆಯ ಹೆಣ್ಣುಗಳಿಗೆ ಕತ್ತಿನ ಮೇಲೆ ಗಾಯವಾಗುವಷ್ಟು ಪೀಡೆಯಾಗುತ್ತದೆ.

ಕಡೆಯದಾಗಿ ಒಂದು ಸಮಾಧಾನದ ಮಾತು. ಮೊದಲ ಕೆಲವು ಮೊಟ್ಟೆಗಳು ಚಿಕ್ಕವಾಗಿರಬಹುದು. ಒಂದರಲ್ಲಿ ಎರಡು ಹಳದಿಗಳಿರಬಹುದು. ಒಮ್ಮೊಮ್ಮೆ ಚಿಪ್ಪಿಲ್ಲದೆ ಬರೀ ಪೊರೆಯಿರಬಹುದು. ಒಂದು ದಿನ ಇಟ್ಟು ಎರಡು ದಿನ ಬಿಡುವುದೂ ಉಂಟು. ಹಕ್ಕಿಯು ಚಟುವಟಿಕೆಯಿಂದ ಮೇಯುತ್ತಿದ್ದರೆ ಇದಕ್ಕಾಗಿ ಅಂಜಬೇಕಾದುದಿಲ್ಲ. ಆದರೆ ಮೆತ್ತನೆಯ ಮೊಟ್ಟೆಯೇ ಮತ್ತೆ ಮತ್ತೆ ಬಂದರೆ ಆಹಾರವನ್ನು ಪರೀಕ್ಷಿಸತಕ್ಕದ್ದು.

ಆ ಸಂಜೆಯೇ ನಾವು ಗೂಡಿನ ದೀಪವನ್ನು ತೆಗೆದುಹಾಕಿ, ಆಹಾರವನ್ನು ಪಶುವೈದ್ಯರು ಹೇಳಿದಂತೆ ಸರಿಪಡಿಸಿದೆವು. ಮೊದಲು ಇಟ್ಟದ್ದು ಕೆಲವು ವಾರ ನಿಲ್ಲಿಸಿತು. ಉಳಿದ ನಾಲ್ಕು ಆರು ತಿಂಗಳು ತುಂಬುವ ವೇಳೆಗೆ ಒಂದೊಂದಾಗಿ ತಾವಾಗಿಯೇ ಇಡತೊಡಗಿದುವು. ಅವುಗಳ ಮೊಟ್ಟೆಯ ಚಿಪ್ಪು ಗಟ್ಟಿಯಾಗಿದ್ದಿತು. ಹಾಲಿನ ಮುದುಕಿಗೆ ಮೊದಲ ನಾಲ್ಕು ಮೊಟ್ಟೆಗಳನ್ನು ಕೊಟ್ಟೆವು. ಆಕೆ ಕಾರಣವನ್ನು ಕೇಳಲಿಲ್ಲ, ನಾವೂ ಹೇಳಲಿಲ್ಲ.